ರಸೀದಿರಾಯರ ಸಿಗಾರ್ ಕಪಾಟು

“ಯಾರಾದ್ರೂ ಬಂದ್ರೆ ಎಲ್ಲಿ ಕೂರಿಸೋದು?”

ರಸೀದಿರಾಯರು ಈ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದರು. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ಲೋಟ, ಒಂದು ತಟ್ಟೆ ಇದ್ದವು. ಅವುಗಳಲ್ಲಿ ಯಾವುದೂ ಬಾಯಿ ಬಿಡಲಿಲ್ಲ. ರಾಯರು ಕೈಯಲ್ಲಿದ್ದ ಮರದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಇದ್ದೊಂದು ಕುರ್ಚಿಯಲ್ಲಿ ಕೂತು, ಎದುರಿನ ಖಾಲಿ ನೆಲವನ್ನು ಬಹಳ ಹೊತ್ತು ನೋಡಿದರು. ಅತಿಥಿಯೊಬ್ಬರು ಅಲ್ಲಿ ಕೂತರೆ ಹೇಗೆ ಕಾಣಬಹುದು ಎಂದು ಅಂದಾಜು ಮಾಡುತ್ತಿದ್ದರು.

ಕಾವ್ಯ ವಾಚಿಸುವವರು ಕಥೆಗೆ ಕೈಹಾಕುವ ಮೊದಲು ನಾಯಕನ ಗುಣಗಾನ ಮಾಡುತ್ತಾರೆ. ಭುಜ ಹೀಗಿತ್ತು, ಕಣ್ಣು ಹಾಗಿತ್ತು, ಹೆಸರು ಕೇಳಿದರೆ ವೈರಿಗಳ ಎದೆ ನಡುಗುತ್ತಿತ್ತು ಎಂದು. ಆ ಕ್ರಮ ತಪ್ಪಿಸಬಾರದು. ನಮ್ಮ ನಾಯಕರಿಗೂ ಭುಜಗಳು ಎರಡಿದ್ದವು. ಎಡದ್ದು ಬಲದ್ದಕ್ಕಿಂತ ಒಂದು ಅಂಗುಲ ತಗ್ಗು. ರೈಲು ನಿಲ್ದಾಣದ ಕೊನೆಯ ಪ್ಲಾಟ್‌ಫಾರ್ಮಿನ ಮೂಲೆಯಲ್ಲಿ, ಪ್ರಯಾಣಿಕರು ಮರೆತು ಬಿಟ್ಟುಹೋದ ಸಾಮಾನುಗಳನ್ನು ಇಡುವ ಕಚೇರಿಯಲ್ಲಿ, ಇಪ್ಪತ್ತೊಂಬತ್ತು ವರ್ಷ ಕಪಾಟುಗಳ ತಳದ ಅರೆಗಳಿಗೆ ಬಗ್ಗಿ ಬಗ್ಗಿ ಹಾಗಾದದ್ದು. ಛತ್ರಿ ಬಂದರೂ ರಸೀದಿ, ಚಪ್ಪಲಿ ಬಂದರೂ ರಸೀದಿ. ಒಮ್ಮೆ ಒಂದು ಕಟ್ಟುಹಲ್ಲಿನ ಸೆಟ್ಟು ಬಂದಾಗ ಅದರಲ್ಲಿ ಎಷ್ಟು ಹಲ್ಲಿವೆ ಎಂದು ಎರಡು ಸಲ ಎಣಿಸಿ ರಸೀದಿ ಬರೆದಿದ್ದರು. ಹಾಗಾಗಿ ಆ ಹೆಸರು.

ವೈರಿಗಳು? ಇರಲಿಲ್ಲ. ಆಗುವುದಾದರೂ ಹೇಗೆ? ರಾಯರ ಬಾಯಿಂದ “ಇಲ್ಲ” ಎಂಬ ಮಾತು ಬಂದದ್ದನ್ನು ಕೇಳಿದವರೇ ಇರಲಿಲ್ಲ. “ರಾಯರೇ, ಹಬ್ಬದ ದಿನದ ಪಾಳಿ ನೀವು ಮಾಡ್ತೀರಾ?” “ಆಗಲಿ.” “ರಾಯರೇ, ನಿಮ್ಮ ಫ್ಯಾನು ನನ್ನ ಮೇಜಿನ ಕಡೆ ತಿರುಗಿಸಿಕೊಳ್ಳಲಾ?” “ಆಗಲಿ.” ಭಗವಂತ ಅವರಿಗೆ ತಲೆ ಕೊಟ್ಟಿದ್ದೇ ಮೇಲೆ ಕೆಳಗೆ ಆಡಿಸುವುದಕ್ಕೆ, ಅಡ್ಡಡ್ಡ ಆಡಿಸುವ ಕೀಲು ಹಾಕುವುದನ್ನು ಮರೆತಿದ್ದ.

ಆ ಪೆಟ್ಟಿಗೆ ಬಂದ ಕಥೆಯೂ ಹಾಗೇ. ಕಚೇರಿಯ ನಿಯಮ ಒಂದೇ: ಬಿಟ್ಟುಹೋದ ಸಾಮಾನಿಗೆ ಮಾಲೀಕರು ತಾವಾಗಿ ಬರಬೇಕು, ಗುರುತು ಹೇಳಬೇಕು, ತಗೊಂಡು ಹೋಗಬೇಕು. ಕಚೇರಿ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ತೊಂಬತ್ತು ದಿನ ಕಾಯುತ್ತದೆ. ಆಮೇಲೂ ಉಳಿದದ್ದನ್ನು ವರ್ಷಕ್ಕೊಮ್ಮೆ ಸಿಬ್ಬಂದಿಯೇ ಹಂಚಿಕೊಳ್ಳುತ್ತಾರೆ. ಹಿರಿತನದಲ್ಲಿ ಮೊದಲ ಸರದಿ ರಾಯರದು. ಆದರೆ ಒಬ್ಬೊಬ್ಬರೇ “ನಂಗೆ ಬಿಟ್ಕೊಡಿ ರಾಯರೇ” ಅಂದರು, ರಾಯರು “ಆಗಲಿ” ಅಂದರು. ಗಡಿಯಾರ, ಕಂಬಳಿ, ಸೂಟ್‌ಕೇಸು, ಟೇಪ್ ರೆಕಾರ್ಡರು ಎಲ್ಲ ಹೋಗಿ, ಕೊನೆಗೆ ಒಂದು ಪೆಟ್ಟಿಗೆ ಸಿಗಾರ್ ಉಳಿಯಿತು. ಇಪ್ಪತ್ನಾಲ್ಕು ಇರಬೇಕಾದ ಕಡೆ ಇಪ್ಪತ್ಮೂರು. ಒಂದನ್ನು ಮರೆತವರು ಮರೆಯುವ ಮೊದಲೇ ಸೇದಿದ್ದರು.

ಅದೇ ಹೊತ್ತಿಗೆ ದೊಡ್ಡ ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದರು.

“ಏನ್ರೀ, ಸಿಗಾರ್! ಸೇದ್ತೀರಾ?”

ರಾಯರು ಕೆಮ್ಮಿದರು.

“ಓ, ಸೇದಲ್ಲ. ಹಾಗಾದ್ರೆ ಇಟ್ಕೋತೀರಾ? ಸಂಗ್ರಹಾನಾ?”

“ಹೌದು ಸಾರ್.”

“ಭಲೇ! ಎಷ್ಟಿವೆ? ಐವತ್ತು?”

“ಹೌದು ಸಾರ್.”

“ನೂರು ಇರಬಹುದಾ?”

“ಹೌದು ಸಾರ್.”

“ನೂರೈವತ್ತು ಅಂತೂ ಇರಲ್ಲ.”

ಇದನ್ನು ಒಪ್ಪಬೇಕಾದರೆ ರಾಯರು “ಇಲ್ಲ” ಎನ್ನಬೇಕಿತ್ತು. “ಇವೆ ಸಾರ್” ಅಂದರು. ಸಾಹೇಬರು ಅಲ್ಲಿಗೆ ನಿಲ್ಲಿಸಿದ್ದು ಪುಣ್ಯ. ಮುಂದುವರಿಸಿದ್ದರೆ ಸಾವಿರಕ್ಕೂ ಒಪ್ಪಿಕೊಳ್ಳುತ್ತಿದ್ದರು.

“ಒಂದು ಭಾನುವಾರ ಬಂದು ನೋಡ್ತೀನಿ. ಕಪಾಟಿನಲ್ಲಿ ಜೋಡಿಸಿಟ್ಟಿದ್ದೀರಿ ತಾನೆ? ಸಂಜೆ ನಾಲ್ಕಕ್ಕೆ ಸರಿಯಾ?”

“ಹೌದು ಸಾರ್.”

ಇಪ್ಪತ್ತೊಂಬತ್ತು ವರ್ಷದಲ್ಲಿ ರಾಯರ ಮನೆಗೆ ಬರುತ್ತೇನೆ ಎಂದು ಹೇಳಿದ ಮೊದಲ ಮನುಷ್ಯ ಅವರು.

*

ಬಡಗಿ ಬಂದು ಗೋಡೆ ಅಳೆದ. ದೇವದಾರು ಮರದ ಕಪಾಟು, ಮುಂದೆ ಗಾಜಿನ ಬಾಗಿಲು, ಒಳಗೆ ಹತ್ತು ಅರೆ.

“ನಾನು ಕಪಾಟು ಎಷ್ಟೋ ಮಾಡಿದ್ದೀನಿ ಸಾರ್. ಪುಸ್ತಕಕ್ಕೆ ಮಾಡಿದ್ದೀನಿ, ಪಿಂಗಾಣಿಗೆ ಮಾಡಿದ್ದೀನಿ. ಚುಟ್ಟಾಕ್ಕೆ ಮಾಡ್ತಿರೋದು ಇದೇ ಮೊದಲು. ಮರ ಮಾತ್ರ ಒಳ್ಳೇದು ಆರಿಸಿದ್ದೀರಿ. ಇದರ ವಾಸನೆಗೆ ಹುಳ ಬರಲ್ಲ, ನುಸಿ ಬರಲ್ಲ.”

“ಜನ?” ಎಂದು ರಾಯರು ಆತಂಕದಿಂದ ಕೇಳಿದರು.

“ಜನಕ್ಕೆ ಈ ವಾಸನೆ ಇಷ್ಟ ಸಾರ್.”

ಕಪಾಟು ಮುಗಿದ ಮೇಲೆ ನಾಲ್ಕು ಹಲಗೆ ಮಿಕ್ಕವು. “ಇದನ್ನೇನು ಮಾಡ್ಲಿ?” ಅಂತ ಬಡಗಿ ಕೇಳಿದ್ದೇ ತಡ, ರಾಯರ ಮುಖ ಅರಳಿತು. ಎರಡನೆಯ ಕುರ್ಚಿ ಹುಟ್ಟಿದ್ದು ಹೀಗೆ. ಬೆನ್ನು ಸ್ವಲ್ಪ ಓರೆ, ಕೈಗಳು ಅಗಲ. ಕೂತವರು ಬೇಗ ಏಳಬಾರದು ಎಂಬುದೊಂದೇ ರಾಯರು ಹೇಳಿದ್ದ ಲಕ್ಷಣ.

ಇನ್ನು ನೂರೈವತ್ತರ ಪ್ರಶ್ನೆ. ಇಪ್ಪತ್ಮೂರು ಅಸಲಿ ಸಿಗಾರ್ ಮೇಲಿನ ಎರಡು ಅರೆಗೆ ಬಂದವು. ಉಳಿದ ನೂರಿಪ್ಪತ್ತೇಳಕ್ಕೆ ರಾಯರು ಕಚೇರಿಯ ಹಳೆಯ ಚೀಟಿಗಳನ್ನು ತಂದರು. ತೊಂಬತ್ತು ದಿನ ಕಾದರೂ ಮಾಲೀಕರು ಬಾರದ ಸಾಮಾನುಗಳ ಚೀಟಿಗಳು, ರದ್ದಿಗೆ ಹೋಗಬೇಕಾದವು. ಒಂದೊಂದನ್ನೇ ಚಹಾದ ಕಷಾಯದಲ್ಲಿ ಅದ್ದಿ, ಒಣಗಿಸಿ, ಬಿಗಿಯಾಗಿ ಸುರುಳಿ ಸುತ್ತಿ, ಬಿಸ್ಕತ್ತಿನ ಹೊದಿಕೆಯಿಂದ ಚಿನ್ನದ ಪಟ್ಟಿ ಕತ್ತರಿಸಿ ಸೊಂಟಕ್ಕೆ ಕಟ್ಟಿದರು. ದೂರದಿಂದ ನೋಡಿದರೆ ಸಾಕ್ಷಾತ್ ಸಿಗಾರ್. ಹತ್ತಿರದಿಂದ ನೋಡಿದರೆ ಸ್ವಲ್ಪ ಬಿಸ್ಕತ್ತು.

ಪೆಟ್ಟಿಗೆಯ ತಳದಲ್ಲಿ ಒಂದು ಸೂಚನೆಯ ಕಾಗದ ಮಡಿಸಿಟ್ಟಿತ್ತು. ರಾಯರು ಅದನ್ನು ಕೈಕಾಲು ತೊಳೆದುಕೊಂಡು ಬಂದು ಮೂರು ಸಲ ಓದಿದರು. ತೇವ ನೂರಕ್ಕೆ ಎಪ್ಪತ್ತರಷ್ಟು ಇರಬೇಕು, ಕಡಿಮೆಯಾದರೆ ಸಿಗಾರ್ ಒಣಗಿ ಸೀಳುತ್ತದೆ ಎಂದಿತ್ತು. ಎಲ್ಲಿ ಇರಬೇಕು ಎಂದು ಇರಲಿಲ್ಲ. ಪೆಟ್ಟಿಗೆಯ ಒಳಗೆ ಎಂದು ಬೇರೆ ಯಾರಾದರೂ ಊಹಿಸಿಕೊಳ್ಳುತ್ತಿದ್ದರು. ಬರೆಯದೇ ಇದ್ದದ್ದನ್ನು ಊಹಿಸಿಕೊಳ್ಳುವುದು ರಾಯರ ಕಚೇರಿಯಲ್ಲಿ ದೊಡ್ಡ ತಪ್ಪು. ಅವರು ಇಡೀ ಮನೆಯನ್ನೇ ಎಪ್ಪತ್ತಕ್ಕೆ ತರಲು ಹೊರಟರು.

ತೇವ ಅಳೆಯುವ ಗುಂಡನೆಯ ಮುಳ್ಳಿನ ಯಂತ್ರವೊಂದು ಗೋಡೆಗೆ ಬಂತು. ನಲವತ್ತೊಂದು ತೋರಿಸಿತು. ಮೂಲೆಗೊಂದು ಬಕೆಟ್ ನೀರು ಇಟ್ಟರು: ನಲವತ್ತನಾಲ್ಕು. ಹಗ್ಗ ಕಟ್ಟಿ ಇದ್ದ ಹೊದಿಕೆಯನ್ನೆಲ್ಲ ಒದ್ದೆ ಮಾಡಿ ತೂಗುಹಾಕಿದರು: ಐವತ್ತೆಂಟು. ಕಿಟಕಿ ಮುಚ್ಚಿ, ನೆಲಕ್ಕೆ ಎರಡು ಹೊತ್ತು ನೀರು ಚಿಮುಕಿಸಿದರು. ಮುಳ್ಳು ಅರವತ್ತಾರಕ್ಕೆ ಬಂದು ನಿಂತು ಯೋಚಿಸಿತು. ರಾಯರು ತಮ್ಮ ಹಾಸಿಗೆಯನ್ನೂ ತ್ಯಾಗ ಮಾಡಿದರು. ಎಪ್ಪತ್ತು! ಆ ದಿನ ರಾಯರು ಕೊಡೆಯ ಬಟ್ಟೆ ಹಾಸಿಕೊಂಡು ಮಲಗಿದರು.

ಬೇರೆ ಊರಿನಲ್ಲಿರುವ ಅಕ್ಕ ಭಾನುವಾರ ಬೆಳಗ್ಗೆ ಫೋನ್ ಮಾಡಿದಳು.

“ಏನೋ, ದನಿ ಯಾಕೋ ಬಾವಿ ಒಳಗಿಂದ ಬಂದ ಹಾಗಿದೆ?”

“ಮನೇಲಿ ಎಪ್ಪತ್ತಿದೆ ಅಕ್ಕ.”

“ಎಪ್ಪತ್ತು ಜನಾನಾ?”

“ತೇವ ಅಕ್ಕ. ಸಿಗಾರ್‌ಗೆ ಬೇಕು. ಕಡಿಮೆಯಾದ್ರೆ ಅವಕ್ಕೆ ಮೈ ಒಡೆಯುತ್ತೆ.”

“ಚುಟ್ಟಾ ಸಾಕ್ತಿದೀಯೇನೋ? ಸಾಕಲೇಬೇಕು ಅಂದ್ರೆ ಒಂದು ಬೆಕ್ಕು ಸಾಕಬಾರದಾ? ಅದಾದ್ರೂ ಬಾಗಿಲ ಹತ್ರ ಬರುತ್ತೆ.”

“ಬರ್ತಾರಕ್ಕ. ಇವತ್ತು ನಾಲ್ಕಕ್ಕೆ ಸಾಹೇಬರು ಬರ್ತಾರೆ.”

ಸಾಹೇಬರು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಅದರ ಮುಂದಿನ ಭಾನುವಾರ ರಾಯರು ಮೂರೂವರೆಗೇ ತಲೆ ಬಾಚಿಕೊಂಡು, ಹಳೆಯ ಕುರ್ಚಿಯಲ್ಲಿ ಕೂತು, ಹೊಸ ಕುರ್ಚಿಯ ಕಡೆ ನೋಡುತ್ತಾ, ಏನು ಮಾತಾಡುವುದೆಂದು ಅಭ್ಯಾಸ ಮಾಡಿದರು. “ಬನ್ನಿ ಸಾರ್. ದಾರಿ ಸಿಕ್ತಾ ಸಾರ್?” ಹೊದಿಕೆಗಳಿಂದ ತೊಟ್ಟಿಕ್ಕುವ ಶಬ್ದ ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಆರು ಗಂಟೆಗೆ ಎದ್ದು ಬಾಚಿದ ತಲೆಯನ್ನು ಕೈಯಿಂದ ಕೆದರಿಕೊಂಡರು.

*

ನಾಲ್ಕನೆಯ ಭಾನುವಾರ, ಸರಿಯಾಗಿ ನಾಲ್ಕಕ್ಕೆ, ಬಾಗಿಲು ಬಡಿದ ಸದ್ದಾಯಿತು. ರಾಯರು ಎರಡು ಬಕೆಟ್ ಹಾರಿ ಹೋಗಿ ಬಾಗಿಲು ತೆಗೆದರು. ಸಾಹೇಬರಲ್ಲ. ಕೆಳಗಿನ ಮನೆಯ ಮೇಡಂ. ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು, ಅವರ ಮನೆಯಲ್ಲೂ ಅವರೊಬ್ಬರೇ. ಕೈಯಲ್ಲಿ ಮರದ ಅಡಿಪಟ್ಟಿ ಹಿಡಿದಿದ್ದರು.

“ನೀವೇನಾ ಮೇಲಿನ ಮನೆಯವರು?”

“ಹೌದು, ಬನ್ನಿ, ಬನ್ನಿ. ದಾರಿ ಸಿಕ್ತಾ?”

“ಹದಿನೆಂಟು ಮೆಟ್ಟಿಲು ಹತ್ತೋಕೆ ದಾರಿ ಕೇಳಬೇಕೇನ್ರಿ? ನನ್ನ ಚಾವಣಿ—”

“ಕೂತ್ಕೊಂಡು ಹೇಳಿ.”

“ಕೂರೋಕೆ ಬಂದಿಲ್ಲ ನಾನು! ಮೂರು ಅಡಿ ನಾಲ್ಕಂಗುಲ ಉದ್ದ, ಎರಡು ಅಡಿ ಅಗಲ ಒದ್ದೆಯಾಗಿದೆ. ನೆಂಟರ ಥರ ದಿನಾ ದಿನಾ ಹರಡ್ಕೋತಿದೆ.”

“ಚಹಾ ತಗೋತೀರಾ?”

ಬೈಯಲು ಬಂದವರನ್ನು ಇಷ್ಟು ಸಂತೋಷದಿಂದ ನೋಡಿದ ಮುಖವನ್ನು ಮೇಡಂ ಮೂವತ್ತನಾಲ್ಕು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗದೆ ಕೂತುಬಿಟ್ಟರು. ಹೊಸ ಕುರ್ಚಿ ಮೊದಲ ಸಲ ಕಿರ್ ಎಂದಿತು. ಇದ್ದೊಂದು ಲೋಟದಲ್ಲಿ ಅವರಿಗೆ ಚಹಾ ಕೊಟ್ಟು, ರಾಯರು ತಟ್ಟೆಯಲ್ಲಿ ಸುರಿದುಕೊಂಡು, ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕುಡಿದರು.

ಮೇಡಂ ಸುತ್ತ ನೋಡಿದರು. ತೂಗುವ ಹೊದಿಕೆ, ಸಾಲು ಬಕೆಟ್ಟು, ಗೋಡೆಯ ಮುಳ್ಳು. “ಏನಿದು, ದೋಬಿಖಾನೆನಾ?”

“ಸಿಗಾರ್ ಸಂಗ್ರಹ,” ಎಂದು ರಾಯರು ಹೆಮ್ಮೆಯಿಂದ ಕಪಾಟು ತೆರೆದರು.

ದೇವದಾರಿನ ವಾಸನೆ, ಹೊಗೆಸೊಪ್ಪಿನ ವಾಸನೆ, ಕೆಳಗಿನ ಅರೆಗಳಿಂದ ಸಣ್ಣಗೆ ಚಹಾದ ವಾಸನೆ. ಮೇಡಂ ಕನ್ನಡಕ ಸರಿಮಾಡಿಕೊಂಡು ಎಣಿಸಿದರು. “ನೂರೈವತ್ತು,” ಅಂದರು. ಎಣಿಸಿದ ಮೊದಲ ಮನುಷ್ಯರು. ರಾಯರು ಅವರ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು.

ಮುಂದಿನ ಭಾನುವಾರ ಮೇಡಂ ಒಬ್ಬರೇ ಬರಲಿಲ್ಲ. ಕಟ್ಟಡದ ಸಂಘದ ಕಾರ್ಯದರ್ಶಿಗಳನ್ನು ಕರೆತಂದರು, ಕಾರ್ಯದರ್ಶಿಗಳು ಕೊಳಾಯಿಯವನನ್ನು ಕರೆತಂದರು. ಮೇಡಂ ಹೊಸ ಕುರ್ಚಿಯಲ್ಲಿ, ಕಾರ್ಯದರ್ಶಿಗಳು ಹಳೆಯದರಲ್ಲಿ, ರಾಯರು ಮಂಚದ ತುದಿಯಲ್ಲಿ, ಕೊಳಾಯಿಯವ ಮಗುಚಿದ ಬಕೆಟ್ಟಿನ ಮೇಲೆ. ಮನೆ ತುಂಬಿಹೋಯಿತು. ರಾಯರು ಹೊಸದಾಗಿ ತಂದಿದ್ದ ಮೂರು ಲೋಟ ಹೊರಬಂದವು.

“ಸಂಘದ ಪರವಾಗಿ ಇದೊಂದು ಗಂಭೀರ ವಿಷಯ,” ಎಂದು ಕಾರ್ಯದರ್ಶಿಗಳು ಕಡತ ಬಿಚ್ಚಿದರು. “ನಿಮ್ಮ ಮೇಲೆ ಕ್ರಮ ತಗೋಬೇಕಾಗುತ್ತೆ.”

“ಆಗಲಿ. ಇನ್ನೊಂದು ಲೋಟ ಹಾಕಲಾ?”

“ಹಾಕಿ. ಕ್ರಮ ಅಂದ್ರೆ ಕಠಿಣ ಕ್ರಮ.”

“ಸಕ್ಕರೆ ಸರಿ ಇದೆಯಾ?”

ಕೊಳಾಯಿಯವ ಗೋಡೆಗೆ ಕಿವಿಯಿಟ್ಟು, ಪೈಪಿಗೆ ತಟ್ಟಿ, ನೆಲಕ್ಕೆ ಮೂಗು ಹಚ್ಚಿ, ವೈದ್ಯನ ಗಾಂಭೀರ್ಯದಿಂದ ಎದ್ದ. “ಪೈಪಿಗೆ ಏನೂ ಆಗಿಲ್ಲ. ಮನೆಗೇ ಬೆವರು ಬಂದಿದೆ.” ಆಮೇಲೆ ಕಪಾಟು ನೋಡಿ, ಕಾಗದ ಓದಿಸಿಕೊಂಡು, ತಡೆಯಲಾರದೆ ನಕ್ಕ. “ಸಾರ್, ನಾನು ದೊಡ್ಡ ಹೋಟೆಲಲ್ಲಿ ಆರು ವರ್ಷ ಇದ್ದೆ. ಇದಕ್ಕೆ ಕಪಾಟಿನೊಳಗೆ ಒಂದು ಒದ್ದೆ ಸ್ಪಂಜು ಇಟ್ರೆ ಸಾಕು. ಮಗೂಗೆ ಮುಖ ತೊಳಿ ಅಂದ್ರೆ ನೀವು ಊರಿಗೇ ಸ್ನಾನ ಮಾಡ್ಸಿದ್ದೀರಿ.”

ಕಾರ್ಯದರ್ಶಿಗಳು ನಕ್ಕರು, ಮೇಡಂ ನಕ್ಕರು, ರಾಯರೂ ನಕ್ಕರು. ಆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಆರು ಗಂಟೆಗೆ ಎಲ್ಲರೂ ಎದ್ದು ಹೋದರು. ಸ್ಪಂಜು ಒಳಗೆ ಬಂತು, ಬಕೆಟ್ಟುಗಳು ಹೊರಗೆ ಹೋದವು, ಕೆಳಗಿನ ಚಾವಣಿ ಒಣಗತೊಡಗಿತು.

ರಾಯರಿಗೆ ಲೆಕ್ಕ ತಪ್ಪಿದ್ದು ಆಮೇಲೆ ತಿಳಿಯಿತು. ಚಾವಣಿ ಒಣಗಿದರೆ ಬರಲು ಯಾರಿಗೇನು ಕೆಲಸ?

ಒಂದು ಭಾನುವಾರ ಹೋಯಿತು. ಎರಡು ಹೋದವು. ನಾಲ್ಕು ಲೋಟಗಳನ್ನು ತೊಳೆದು, ಒರೆಸಿ, ಬೋರಲು ಹಾಕಿ, ಮತ್ತೆ ತೊಳೆದರು. ಕಪಾಟಿನೊಳಗೆ ಎಪ್ಪತ್ತು ಸ್ಥಿರವಾಗಿತ್ತು, ಹೊರಗೆ ಮೂವತ್ತೊಂಬತ್ತು. ಸಿಗಾರ್‌ಗಳು ಸುಖವಾಗಿದ್ದವು.

ಮೂರನೆಯ ಶನಿವಾರ ಸಂಜೆ ರಾಯರು ಕಚೇರಿಯಿಂದ ಬಂದು, ಚಪ್ಪಲಿಯನ್ನೂ ಬಿಡದೆ, ಒಂದು ಚೊಂಬು ನೀರು ತುಂಬಿ, ಮನೆಯ ಮೂಲೆಯಲ್ಲಿ ನಿಧಾನವಾಗಿ ಸುರಿದರು. ದೇವರಿಗೆ ಅಭಿಷೇಕ ಮಾಡುವವರ ಮುಖ ಹಾಗಿರುತ್ತದೆ.

ಭಾನುವಾರ ನಾಲ್ಕಕ್ಕೆ ಬಾಗಿಲು ಸದ್ದಾಯಿತು. “ಮತ್ತೆ ಬಂದಿದೆ ನೋಡಿ!” ಎಂದರು ಮೇಡಂ, ಅಡಿಪಟ್ಟಿ ಆಡಿಸುತ್ತಾ. “ಒಂಬತ್ತಂಗುಲ!”

“ಅಯ್ಯೋ! ಕೂತ್ಕೊಳ್ಳಿ.”

ಆ ಸಂಜೆ ಮೇಡಂ ಸುಮ್ಮನೆ ಕೂರಲಾರದೆ ಕೆಳಗಿನ ಅರೆಯ ಸಿಗಾರ್‌ಗಳನ್ನು ಅಳೆದರು. ನೂರಿಪ್ಪತ್ತೇಳೂ ಒಂದೇ ಅಳತೆ. ಒಂದನ್ನು ಮೂಗಿಗೆ ಹಿಡಿದರು. ಚಿನ್ನದ ಪಟ್ಟಿ ಬಿಚ್ಚಿದರು. ಸುರುಳಿ ಬಿಚ್ಚಿಕೊಂಡಿತು. ರಾಯರು ಕಣ್ಣು ಮುಚ್ಚಿಕೊಂಡರು.

“‘ಛತ್ರಿ ಒಂದು. ಕಪ್ಪು. ಹಿಡಿ ಮುರಿದಿದೆ, ದಾರ ಸುತ್ತಿದೆ. ಮಾಲೀಕರು ಬರಲಿಲ್ಲ,’” ಎಂದು ಮೇಡಂ ಓದಿದರು. ಕನ್ನಡಕದ ಮೇಲಿಂದ ನೋಡಿದರು. “ಇದನ್ನ ಸೇದೋದು ಹೇಗ್ರೀ?”

“ಹಸಿರು ದಾರ,” ಎಂದರು ರಾಯರು ಕಣ್ಣು ಮುಚ್ಚಿಕೊಂಡೇ. “ಯಾರೋ ಬಹಳ ಜಾಗ್ರತೆಯಾಗಿ ಸುತ್ತಿದ್ರು. ಬಂದೇ ಬರ್ತಾರೆ ಅಂದ್ಕೊಂಡಿದ್ದೆ.”

ಮೇಡಂ ಬೈಯಲಿಲ್ಲ. ಇನ್ನೊಂದು ಬಿಚ್ಚಿದರು. “‘ಮಗುವಿನ ಬೂಟು. ಎಡಗಾಲಿನದು ಮಾತ್ರ.’”

“ಕೆಂಪು. ಹೊಸದು. ಬಲಗಾಲಿನದನ್ನು ಇಟ್ಕೊಂಡು ಅವರೇನು ಮಾಡಿದ್ರೋ.”

ಹೀಗೆ ನಾಲ್ಕು ಭಾನುವಾರ. ಪ್ರತಿ ಭಾನುವಾರ ಮೇಡಂ ಐದು ಚೀಟಿ ಓದುವರು, ರಾಯರು ಚೀಟಿಯಲ್ಲಿ ಇಲ್ಲದ್ದನ್ನು ಹೇಳುವರು. ಓದಿ ಮುಗಿದದ್ದನ್ನು ಮೇಡಂ ತಾವೇ ಸುರುಳಿ ಸುತ್ತಿ ಪಟ್ಟಿ ಕಟ್ಟುವರು. ಅವರು ಸುತ್ತಿದ್ದು ರಾಯರು ಸುತ್ತಿದ್ದಕ್ಕಿಂತ ನೆಟ್ಟಗಿರುತ್ತಿತ್ತು. ನೂರಿಪ್ಪತ್ತೇಳು ಚೀಟಿ, ವಾರಕ್ಕೆ ಐದು. ಇಪ್ಪತ್ತೈದು ವಾರದ ಮೇಲೂ ಎರಡು ಮಿಗುತ್ತವೆ ಎಂದು ರಾಯರು ಲೆಕ್ಕ ಹಾಕಿ, ಬಹಳ ವರ್ಷಗಳ ನಂತರ, ದೇವರಿಗೆ ಏನನ್ನೂ ಕೇಳದೆ ಬರಿದೇ ಕೈಮುಗಿದರು.

ಪ್ರತಿ ಶನಿವಾರ ಒಂದು ಚೊಂಬು ನೀರು.

ಐದನೆಯ ಭಾನುವಾರ ಮೇಡಂ ಬಂದು ಕೂತರು, ಆದರೆ ಕಪಾಟಿನ ಕಡೆ ನೋಡಲಿಲ್ಲ. ಅಡಿಪಟ್ಟಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

“ನನ್ನ ಚಾವಣಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ತಾರೀಖು ಬರೆದು ಇಟ್ಟಿದ್ದೀನಿ. ಭಾನುವಾರದಿಂದ ಶುಕ್ರವಾರದವರೆಗೆ ಒಣಗುತ್ತೆ. ಶನಿವಾರ ಸಂಜೆ ಐದೂವರೆ ಆದ ಮೇಲೆ ಒದ್ದೆಯಾಗುತ್ತೆ. ಸೋರೋ ನೀರಿಗೆ ಕಚೇರಿ ಬಿಡೋ ಹೊತ್ತು ಹೇಗೆ ಗೊತ್ತಾಗುತ್ತೆ?”

ರಾಯರು ತಟ್ಟೆಯಲ್ಲಿದ್ದ ಚಹಾವನ್ನು ನೋಡಿದರು. ಲೋಟಗಳಿದ್ದರೂ ಅವರಿಗೆ ತಟ್ಟೆಯೇ ಅಭ್ಯಾಸವಾಗಿತ್ತು.

“ನೀರು ಸುರೀತಿದ್ದೀರಾ?”

“ಹೌದು ಮೇಡಂ.”

“ಯಾಕೆ?”

ಇದಕ್ಕೆ ಹೌದು ಎನ್ನಲು ಬರುವುದಿಲ್ಲ. ರಾಯರು ಗೋಡೆಯ ಮುಳ್ಳಿನ ಕಡೆ ಕೈ ತೋರಿಸಿ, “ಇಲ್ಲಿ ಬರೀ ಮೂವತ್ತೊಂಬತ್ತು…” ಅಂದರು.

ಮೇಡಂ ಎದ್ದರು. “ಹೊಟ್ಟೆನೋವು ಅಂತ ಸುಳ್ಳು ಹೇಳೋ ಮಕ್ಕಳನ್ನ ನೋಡಿದ್ದೀನಿ. ಕೈ ಮುರೀತು ಅಂತ ಪಟ್ಟಿ ಕಟ್ಕೊಂಡು ಬಂದೋರನ್ನೂ ನೋಡಿದ್ದೀನಿ. ಚಾವಣಿ ಕೈಲಿ ಸುಳ್ಳು ಹೇಳಿಸಿದೋರು ನೀವೇ ಮೊದಲು.”

ಹದಿನೆಂಟು ಮೆಟ್ಟಿಲು ಇಳಿದ ಸದ್ದನ್ನು ರಾಯರು ಒಂದೊಂದಾಗಿ ಎಣಿಸಿದರು. ತಿರುಗಿ ನೋಡಿದರೆ ಕುರ್ಚಿಯ ಮೇಲೆ ಅಡಿಪಟ್ಟಿ ಇತ್ತು.

*

ಬೇರೆ ಯಾರಾದರೂ ಆಗಿದ್ದರೆ ಅಡಿಪಟ್ಟಿಯನ್ನು ತಗೊಂಡು ಕೆಳಗೆ ಹೋಗಿ, ತಪ್ಪಾಯ್ತು ಎಂದು ಕೊಟ್ಟು ಬರುತ್ತಿದ್ದರು. ರಾಯರ ಇಪ್ಪತ್ತೊಂಬತ್ತು ವರ್ಷದ ನಿಷ್ಠೆ ಬಾಗಿಲಲ್ಲಿ ಅಡ್ಡ ನಿಂತಿತು. ಬಿಟ್ಟುಹೋದ ಸಾಮಾನಿಗೆ ಮಾಲೀಕರೇ ಬರಬೇಕು. ಅವರು ರಸೀದಿ ಬರೆದರು, ದಾರದಿಂದ ಅಡಿಪಟ್ಟಿಗೆ ಕಟ್ಟಿದರು, ಕುರ್ಚಿಯ ಮೇಲೆ ಇದ್ದ ಜಾಗದಲ್ಲೇ ಇಟ್ಟರು. ಕಟ್ಟಡದ ಬಾಗಿಲ ಬಳಿಯ ಫಲಕಕ್ಕೆ ಒಂದು ಪ್ರಕಟಣೆ ಅಂಟಿಸಿದರು: ‘ಅಡಿಪಟ್ಟಿ ಒಂದು ಸಿಕ್ಕಿದೆ. ಮಾಲೀಕರು ಗುರುತು ಹೇಳಿ ಪಡೆಯಬಹುದು. ಭಾನುವಾರ ಸಂಜೆ ನಾಲ್ಕರಿಂದ ಆರು.’

ಕಾರ್ಯದರ್ಶಿಗಳು ಮೆಟ್ಟಿಲಲ್ಲಿ ಅಡ್ಡ ಹಾಕಿದರು. “ಅಲ್ರೀ, ಅದು ಮೇಡಂದು ಅಂತ ಇಡೀ ಕಟ್ಟಡಕ್ಕೆ ಗೊತ್ತು. ಕೊಟ್ಟುಬಿಡಬಾರದಾ?”

“ಅವರೇ ಬರಬೇಕು. ನಿಯಮ.”

“ಯಾವ ಸಂಘದ ನಿಯಮ ರೀ ಇದು? ನನ್ನ ಕಡತದಲ್ಲಿ ಇಲ್ವಲ್ಲ!”

ಮೇಡಂ ಬರಲಿಲ್ಲ. ಆದರೆ ಬುಧವಾರ ಆ ಪ್ರಕಟಣೆಯ ಮೇಲೆ ಕೆಂಪು ಶಾಯಿ ಕಾಣಿಸಿಕೊಂಡಿತು. ‘ವಿವರ ಸಾಲದು. ಉದ್ದ ಎಷ್ಟು? ಯಾವ ಮರ? ಹತ್ತಕ್ಕೆ ನಾಲ್ಕು.’

ರಾಯರು ಅದನ್ನು ಕಿತ್ತು ಮನೆಗೆ ತಂದು, ಕಪಾಟಿನಲ್ಲಿಟ್ಟು, ಹೊಸದು ಬರೆದರು. ಉದ್ದ, ಅಗಲ, ಮರ, ಏಳನೆಯ ಅಂಗುಲದ ಗೆರೆ ಸವೆದಿರುವುದು, ತುದಿಯಲ್ಲಿ ಸೀಮೆಸುಣ್ಣದ ಕಲೆ. ಮುಂದಿನ ಬುಧವಾರ ಕೆಂಪು ಶಾಯಿ ಮತ್ತೆ ಬಂತು. ‘ಕಲೆ ಯಾವ ತುದಿಯಲ್ಲಿ? ಅಕ್ಷರ ದುಂಡಗಿರಲಿ. ಹತ್ತಕ್ಕೆ ಆರು.’ ಕಟ್ಟಡದವರೆಲ್ಲ ಬುಧವಾರ ಬೆಳಗ್ಗೆ ಫಲಕದ ಮುಂದೆ ನಿಂತು ಅಂಕ ನೋಡತೊಡಗಿದರು. “ಈ ಸಲ ಪಾಸಾಗ್ತಾರೆ ಬಿಡಿ,” ಎಂದು ಕೊಳಾಯಿಯವ ಧೈರ್ಯ ಹೇಳಿ ಹೋದ.

ಮೂರನೆಯದಕ್ಕೆ ರಾಯರು ಒಂದು ಸಾಲು ಸೇರಿಸಿದರು: ‘ಚಾವಣಿ ಪೂರ್ತಿ ಒಣಗಿರುತ್ತದೆ, ಇನ್ನು ಮುಂದೆಯೂ.’ ಕೆಂಪು ಶಾಯಿ ಹೀಗೆ ಬರೆಯಿತು: ‘ಸರಿ. ಹತ್ತಕ್ಕೆ ಏಳು.’

ಹತ್ತಕ್ಕೆ ಏಳು ಎಂದರೆ ನೂರಕ್ಕೆ ಎಪ್ಪತ್ತು. ಗಣಿತದ ಮೇಡಂ ಸುಮ್ಮನೆ ಅಂಕ ಹಾಕುವವರಲ್ಲ ಎಂದು ರಾಯರು ರಾತ್ರಿ ಊಟ ಬಿಟ್ಟು ಯೋಚಿಸಿದರು.

ಆ ಭಾನುವಾರ ಮೂರೂವರೆಗೇ ತಲೆ ಬಾಚಿಕೊಂಡರು. ಅಡಿಪಟ್ಟಿಯನ್ನು ಒರೆಸಿ, ರಸೀದಿಯ ಗಂಟು ಸರಿಮಾಡಿ, ಕುರ್ಚಿಯ ಮೇಲಿಟ್ಟರು. ಎರಡು ಲೋಟ ಹೊರಗಿಟ್ಟರು. ನಾಲ್ಕಾಯಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ರಾಯರು ಎದ್ದು ನಿಂತರು. ಹೆಜ್ಜೆ ಸ್ವಲ್ಪ ಭಾರ ಅನ್ನಿಸಿತು.

“ಏನ್ರೀ ರಸೀದಿ! ಹೇಳಿದ ಹಾಗೆ ಬಂದೆ ನೋಡಿ!”

ದೊಡ್ಡ ಸಾಹೇಬರು. ಅರ್ಧ ವರ್ಷದ ಮೇಲೆ.

“ಬನ್ನಿ ಸಾರ್,” ಎಂದರು ರಾಯರು. ದಾರಿ ಸಿಕ್ತಾ ಎಂದು ಕೇಳಲು ಮರೆತರು.

ಸಾಹೇಬರು ಅಡಿಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ನೆಲದ ಮೇಲಿಟ್ಟು, ಕುರ್ಚಿಯಲ್ಲಿ ಕೂತು, ಗಡಿಯಾರ ನೋಡಿಕೊಂಡರು. ರಾಯರು ಬಗ್ಗಿ ಅಡಿಪಟ್ಟಿಯನ್ನು ಎತ್ತಿಕೊಂಡು ಕೈಯಲ್ಲೇ ಹಿಡಿದು ನಿಂತರು.

“ಆಹಾ, ಎಂಥ ಕುರ್ಚಿ ರೀ! ಎದ್ದೇಳೋಕೇ ಮನಸ್ಸಾಗಲ್ಲ. ಇರಲಿ, ನೇರ ವಿಷಯಕ್ಕೆ ಬರ್ತೀನಿ. ನಾಳೆ ಮೇಲಿನ ಕಚೇರಿಯಿಂದ ತಪಾಸಣೆಗೆ ಬರ್ತಿದ್ದಾರೆ. ಬಹಳ ದೊಡ್ಡ ಮನುಷ್ಯ. ಸಿಗಾರ್ ಅಂದ್ರೆ ಪ್ರಾಣ ಅಂತೆ. ತಕ್ಷಣ ನಿಮ್ಮ ನೆನಪಾಯ್ತು. ಕೊಡ್ತೀರಿ ತಾನೆ?”

“ಆಗಲಿ ಸಾರ್.”

ಸಾಹೇಬರ ಕೈ ಕಪಾಟಿನ ಕೆಳಗಿನ ಅರೆಗೆ ಹೋಯಿತು. ಹಸಿರು ದಾರದ ಛತ್ರಿ, ಎಡಗಾಲಿನ ಬೂಟು ಎಲ್ಲ ಅಲ್ಲೇ ಇದ್ದವು, ಮೇಡಂ ನೆಟ್ಟಗೆ ಸುತ್ತಿಟ್ಟ ಇಪ್ಪತ್ತು ಸುರುಳಿಗಳಲ್ಲಿ. ರಾಯರು ಎಂದೂ ಇಲ್ಲದ ಚುರುಕಿನಿಂದ ಮುಂದೆ ಬಂದರು. “ಮೇಲಿನವು ತಗೊಳ್ಳಿ ಸಾರ್, ಮೇಲಿನವೇ ಒಳ್ಳೇವು,” ಎಂದು ಇಪ್ಪತ್ಮೂರನ್ನೂ ಪೆಟ್ಟಿಗೆಗೆ ತುಂಬಿ, ಮುಚ್ಚಳ ಹಾಕಿ, ಸಾಹೇಬರ ಕೈಗೆ ಕೊಟ್ಟರು. ಮನೆಯಲ್ಲಿದ್ದ ಅಸಲಿ ಸಿಗಾರ್‌ಗಳೆಲ್ಲ ಹೋದವು. ಅವರಿಗೆ ಒಂದು ನಿಟ್ಟುಸಿರೂ ಬರಲಿಲ್ಲ.

“ಭಲೇ. ನೀವು ಯಾವತ್ತೂ ಹೀಗೇ ಕಣ್ರೀ, ಕೇಳಿದ್ದಕ್ಕೆ ಆಗಲ್ಲ ಅನ್ನೋ ಜಾಯಮಾನವೇ ಅಲ್ಲ.” ಸಾಹೇಬರು ಎದ್ದರು, ಕುರ್ಚಿಯ ಬೆನ್ನು ತಟ್ಟಿದರು. “ಹಾಗೇ ಇನ್ನೊಂದು. ನನ್ನ ಕೋಣೆಯಲ್ಲಿ ಬಂದೋರು ಕೂರೋ ಕುರ್ಚಿ ಮುರಿದು ಮೂರು ವರ್ಷ ಆಯ್ತು, ನಿಮಗೇ ಗೊತ್ತು. ಎಲ್ಲರನ್ನೂ ಆ ಬಿಟ್ಟುಹೋದ ಟ್ರಂಕಿನ ಮೇಲೆ ಕೂರಿಸ್ತಿದ್ದೀನಿ. ತಪಾಸಣೆಯವರನ್ನ ಹಾಗೆ ಕೂರಿಸೋ ಹಾಗಿಲ್ಲ. ಇದನ್ನ ಈಗಲೇ ಕಾರಿನ ಮೇಲೆ ಕಟ್ಟಿಸಿಕೊಂಡು ಹೋಗ್ತೀನಿ. ನೀವೊಬ್ಬರೇ ತಾನೆ ಇರೋದು? ಒಬ್ಬರಿಗೆ ಎರಡು ಕುರ್ಚಿ ಯಾಕ್ರೀ?”

ರಾಯರ ತಲೆ ಅಭ್ಯಾಸಬಲದಿಂದ ಮೇಲಕ್ಕೆ ಹೋಯಿತು. ಕೆಳಕ್ಕೆ ಬರಲಿಲ್ಲ. ಮೇಜಿನ ಮೇಲಿನ ಎರಡು ಲೋಟ ಕಂಡವು. ಸಾಹೇಬರ ಕೈಗಡಿಯಾರದಲ್ಲಿ ನಾಲ್ಕೂಕಾಲು. ಆರಕ್ಕೆ ಇನ್ನೂ ಬಹಳ ಹೊತ್ತಿತ್ತು. ರಾಯರು ಅಡಿಪಟ್ಟಿಯನ್ನು ಕುರ್ಚಿಯ ಮೇಲೆ, ಅದು ಇದ್ದ ಜಾಗದಲ್ಲೇ, ಅಡ್ಡವಾಗಿ ಇಟ್ಟರು.

“ಏನ್ರೀ, ತಗೊಂಡು ಹೋಗ್ಲಾ?”

“ಇಲ್ಲ ಸಾರ್,” ಎಂದರು ರಸೀದಿರಾಯರು. “ಕೊಡೋದಿಲ್ಲ.”